90 ದಿನದ ಕೃತಜ್ಞತಾ ಡೈರಿ: ಹೊಲಿಗೆ ಬಿಚ್ಚಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಡೈರಿ ನಾನು ಕೊಂಡದ್ದಲ್ಲ. ಅಕ್ಕನ ಮಗಳು ತಂದುಕೊಟ್ಟಳು. "ಚಿಕ್ಕಮ್ಮ, ಬೆಳಗ್ಗೆಯಿಂದ ರಾತ್ರಿವರೆಗೂ ಗೊಣಗ್ತಾನೇ ಇರ್ತೀಯ. ದಿನಾ ಮೂರು ಒಳ್ಳೇದು ಬರಿ, ಸರಿಹೋಗ್ತೀಯ" ಅಂದಳು. ನಾನು ಗೊಣಗುವುದು ನಿಜ. ದಾರ ಕಿತ್ತರೆ ಗೊಣಗುತ್ತೇನೆ. ಜಿಪ್ಪಿನ ಹಲ್ಲು ಕೂರದಿದ್ದರೆ ಗೊಣಗುತ್ತೇನೆ. ಕತ್ತರಿ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಜೋರಾಗಿಯೇ ಗೊಣಗುತ್ತೇನೆ. ಆದರೆ ಅದು ಮೆಷಿನ್ ಸದ್ದಿನ ಹಾಗೆ, ಕೆಲಸ ನಡೀತಾ ಇದೆ ಅಂತ ಅರ್ಥ. ಅದನ್ನು ಅವಳಿಗೆ ಹೇಳಲು ಹೋಗಲಿಲ್ಲ. ಡೈರಿ ಇಸ್ಕೊಂಡೆ.

ನಾನು ಟೈಲರ್. 22 ವರ್ಷದಿಂದ ಇದೇ ಕೆಲಸ. ಹೊಸ ಬಟ್ಟೆ ಹೊಲಿಯುವುದು ಕಮ್ಮಿ, ಆಲ್ಟರೇಷನ್ನೇ ಜಾಸ್ತಿ. ಸೊಂಟ ಬಿಡಿಸುವುದು, ಸೊಂಟ ಹಿಡಿಯುವುದು, ಪ್ಯಾಂಟಿನ ಉದ್ದ ಕಮ್ಮಿ ಮಾಡುವುದು, ಸವೆದ ಕಾಲರ್ ತಿರುಗಿಸಿ ಹಾಕುವುದು, ಕಿತ್ತ ಜೇಬು, ಹೋದ ಜಿಪ್. ಯಾರೂ ಇದನ್ನು ಕಲೆ ಅನ್ನುವುದಿಲ್ಲ. ನನಗೆ ಮಾತ್ರ ಇದು ಬಿಟ್ಟರೆ ಬೇರೆ ಯಾವ ಕೆಲಸವೂ ಬೇಡ. ಇಷ್ಟು ಹೇಳಿದ್ದು ಯಾಕೆಂದರೆ, ಡೈರಿಯನ್ನು ನಾನು ನೋಡಿದ್ದು ಟೈಲರ್ ಕಣ್ಣಿನಿಂದಲೇ. ಬೇರೆ ಕಣ್ಣು ನನ್ನ ಹತ್ತಿರ ಇಲ್ಲ.

ಕಂಪನಿ ಹೆಸರು ಹೇಳುವುದಿಲ್ಲ. ಅದರ ಅಗತ್ಯವೂ ಇಲ್ಲ. ಆಮೇಲೆ ಅಂಗಡಿಗೆ ಹೋಗಿ ಈ ಜಾತಿಯ ಇನ್ನೂ ನಾಲ್ಕು ಡೈರಿ ತೆಗೆದು ನೋಡಿದೆ. ರಟ್ಟಿನ ಬಣ್ಣ ಬೇರೆ, ಒಳಗಿನ ಸಂಸಾರ ಒಂದೇ.

ಅಳತೆ ಎ5. ಅಂದರೆ 148 ಮಿಲಿಮೀಟರ್ ಅಗಲ, 210 ಉದ್ದ. ಟೇಪ್ ಹಿಡಿದು ನೋಡಿದೆ, ಸರಿಯಾಗಿದೆ. ದಿನಕ್ಕೆ ಎರಡು ಪುಟ, 90 ದಿನ. ಕಾಗದ 80 ಜಿಎಸ್‌ಎಂ ಅಂತ ಹಿಂದೆ ಬರೆದಿದೆ. ಒಂದು ಚದರ ಮೀಟರ್ ಕಾಗದದ ತೂಕ 80 ಗ್ರಾಂ ಅಂತ ಅದರರ್ಥ. ಬಟ್ಟೆಗೂ ಇದೇ ಲೆಕ್ಕ ಇದೆ, ಹಾಗಾಗಿ ನನಗೆ ಹೊಸದಲ್ಲ. ಬಾಲ್ ಪೆನ್ನಿಗೆ, ಪೆನ್ಸಿಲ್ಲಿಗೆ ಇದು ಧಾರಾಳ ಸಾಕು. ಜೆಲ್ ಪೆನ್ನಿನ ನೆರಳು ಹಿಂದಿನ ಪುಟಕ್ಕೆ ಕಾಣುತ್ತದೆ. ಇಂಕ್ ಪೆನ್ನಿನಲ್ಲಿ ಬರೆದರೆ ಅಕ್ಷರದ ಅಂಚು ಹತ್ತಿಬಟ್ಟೆ ಮೇಲೆ ಬಿದ್ದ ಬಣ್ಣದ ಹಾಗೆ ಹರಡಿತು, ಎರಡು ಕಡೆ ಆಚೆ ಬದಿಗೂ ಇಳಿಯಿತು. ಇಂಕ್ ಪೆನ್ ಪ್ರೇಮಿಗಳು 100 ಜಿಎಸ್‌ಎಂಗಿಂತ ಮೇಲಿನದು ಹುಡುಕಿಕೊಳ್ಳಿ. ಜೊತೆಗೆ ಕಾಗದದ ನಯವನ್ನೂ ಮುಟ್ಟಿ ನೋಡಿ. ದಪ್ಪ ಇದ್ದ ಮಾತ್ರಕ್ಕೆ ಇಂಕು ನಿಲ್ಲುವುದಿಲ್ಲ. ನಾನಂತೂ ಕಿವಿ ಹಿಂದಿನ ಪೆನ್ಸಿಲ್ಲಲ್ಲೇ ಬರೆದೆ.

ಈಗ ಬೈಂಡಿಂಗ್ ವಿಷಯ. ಇಲ್ಲಿ ನಾನು ಮೋಸ ಹೋದೆ, ಅದೂ ಹೊಲಿಗೆಯಲ್ಲಿ. ಡೈರಿಯ ಬೆನ್ನಿನ ಮೇಲ್ತುದಿ, ಕೆಳತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಪುಟ್ಟ ದಾರದ ಅಂಚು ಕಾಣುತ್ತದೆ. ಅದನ್ನು ನೋಡಿ "ಆಹಾ, ಹೊಲಿದ ಪುಸ್ತಕ" ಅಂದುಕೊಂಡೆ. ಅದು ಹೊಲಿಗೆಯೇ ಅಲ್ಲ. ಅಂಥ ಪಟ್ಟಿಯನ್ನು ಉದ್ದಕ್ಕೆ ನೇಯ್ದಿಟ್ಟುಕೊಂಡು, ಬೇಕಾದಷ್ಟು ಕತ್ತರಿಸಿ, ಅಂಟು ಹಚ್ಚಿ ಕೂರಿಸುತ್ತಾರೆ. ಶೋಕಿಗೆ. ಹಿಂದಿನ ಕಾಲದಲ್ಲಿ ಕೈಯಿಂದ ಹೊಲಿಯುತ್ತಿದ್ದರು, ಪುಸ್ತಕದ ತಲೆಗೆ ಬಲ ಬರಲಿ ಅಂತ. ಈಗ ಉಳಿದಿರುವುದು ವೇಷ ಮಾತ್ರ.

ನಿಜವಾಗಿ ಹೊಲಿದ ನೋಟ್‌ಬುಕ್ ಕಂಡುಹಿಡಿಯುವುದು ಸುಲಭ. ಹಾಳೆಗಳನ್ನು ಮಡಚಿ ಕಂತೆ ಕಂತೆ ಮಾಡಿರುತ್ತಾರೆ. ನಾಲ್ಕು ಹಾಳೆ ಮಡಚಿದರೆ 16 ಪುಟದ ಒಂದು ಕಂತೆ. ಪ್ರತಿ ಕಂತೆಯ ನಟ್ಟನಡುವಿನ ಮಡಿಕೆಯಲ್ಲಿ ದಾರ ಓಡಿರುತ್ತದೆ. ಅಂಗಡಿಯಲ್ಲೇ ನಿಧಾನವಾಗಿ ಪುಟ ಅಗಲಿಸುತ್ತಾ ಹೋಗಿ. ಅಲ್ಲಲ್ಲಿ ಬಿಳಿ ದಾರ ಕಂಡರೆ ಹೊಲಿದದ್ದು. ಎಲ್ಲೂ ಕಾಣದಿದ್ದರೆ ಒಂಟಿ ಹಾಳೆಗಳನ್ನು ಬೆನ್ನಿಗೆ ಅಂಟಿಸಿದ್ದು. ನನ್ನದು ಎರಡನೆಯದು.

ಹೊರಗಿನ ಮಾತು ಸಾಕು, ಒಳಗೆ ಬರೋಣ.

ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ "ಇಂದು ನಿಮ್ಮ ಆಶೀರ್ವಾದಗಳನ್ನು ಎಣಿಸಿ" ಅಂತಿತ್ತು. ನಾನು ಒಂದು ನಿಮಿಷ ಸುಮ್ಮನೆ ಕೂತೆ. ಆಶೀರ್ವಾದ ಅಂದರೆ ದೊಡ್ಡವರು ತಲೆ ಮೇಲೆ ಕೈಯಿಟ್ಟು ಮಾಡುವುದು ಅಲ್ವಾ? ಅದನ್ನು ಗುಂಡಿ ಎಣಿಸಿದ ಹಾಗೆ ಎಣಿಸುವುದು ಹೇಗೆ? ಆಮೇಲೆ ಹೊಳೆಯಿತು, ಇದು ಬೇರೆ ಯಾವುದೋ ಭಾಷೆಯ ಅಂಗಿಯನ್ನು ಅಳತೆ ತೆಗೆಯದೆ ಕನ್ನಡಕ್ಕೆ ತೊಡಿಸಿದ್ದು. ತೋಳು ಉದ್ದ, ಭುಜ ಬಿಗಿ. "ನಿಮ್ಮೊಳಗಿನ ಸಮೃದ್ಧಿಯನ್ನು ಆಲಂಗಿಸಿ" ಅಂತ ಎಂಟನೇ ದಿನ ಇತ್ತು. ಆ ದಿನ ಏನೂ ಬರೆಯಲಿಲ್ಲ. ಯಾರಾದರೂ ಮನೆಮಾತಿನಲ್ಲಿ "ಇವತ್ತು ಏನು ಚೆನ್ನಾಗಿತ್ತು?" ಅಂತ ಕೇಳಿದ್ದರೆ ಸಾಕಿತ್ತಲ್ಲ.

ಮೊದಲ ವಾರದ ನನ್ನ ಬರಹ ನೋಡಿದರೆ ನನಗೇ ನಾಚಿಕೆ. ಒಂದನೇ ದಿನ: ಆರೋಗ್ಯ, ಮನೆಯವರು, ಕೆಲಸ. ಎರಡನೇ ದಿನ: ಮನೆಯವರು, ಕೆಲಸ, ಆರೋಗ್ಯ. ಮೂರನೇ ದಿನ ಮತ್ತೆ ಅದೇ ಮೂರು, ಜಾಗ ಬದಲಾಗಿದೆ. ನಾಲ್ಕನೇ ದಿನ "ಮೇಲಿನಂತೆ" ಅಂತ ಬರೆದಿದ್ದೇನೆ. ಸುಳ್ಳಲ್ಲ. ಆದರೆ ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸಿದ ಹಾಗೆ. ಓದಿದರೆ ಯಾರ ಡೈರಿ ಅಂತ ಹೇಳಲಾಗದು. ನನ್ನದೂ ಆಗಬಹುದು, ನಿಮ್ಮದೂ ಆಗಬಹುದು.

ಆಗ ಡೈರಿಯ ಮುನ್ನುಡಿಯನ್ನು ಸರಿಯಾಗಿ ಓದಿದೆ. "ಕೃತಜ್ಞತೆಯಿಂದ ಬದುಕು ಬದಲಾಗುತ್ತದೆ ಎಂದು ವಿಜ್ಞಾನ ಸಾಬೀತುಪಡಿಸಿದೆ" ಅಂತಿತ್ತು. ಯಾವ ವಿಜ್ಞಾನ, ಯಾರು ಮಾಡಿದ್ದು, ಒಂದು ಸಾಲೂ ಇಲ್ಲ. ನನಗೆ ಇಂಥದ್ದು ಆಗಿಬರುವುದಿಲ್ಲ. ಬಟ್ಟೆಯ ಚೀಟಿಯಲ್ಲಿ ಬರೀ "ಒಳ್ಳೆ ಬಟ್ಟೆ" ಅಂತ ಬರೆದರೆ ಹೇಗೆ? ಎಷ್ಟು ಹತ್ತಿ, ಎಷ್ಟು ಪಾಲಿಯೆಸ್ಟರ್ ಅಂತ ಬೇಡವಾ? ಅಕ್ಕನ ಮಗಳನ್ನೇ ಹಿಡಿದು ಕೂರಿಸಿಕೊಂಡೆ. ಇಬ್ಬರೂ ಹುಡುಕಿದೆವು.

ಈ ಮಾತಿನ ಬೇರು 2003ರಲ್ಲಿ ಬಂದ ಒಂದು ಅಧ್ಯಯನ. ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ ಮಾಡಿದ್ದು. ಅದರ ಮೊದಲ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತಮಗೆ ಸಿಕ್ಕ ಒಳ್ಳೆಯದನ್ನು ಬರೆಯಬೇಕು, ಇನ್ನೊಂದು ಗುಂಪು ಕಿರಿಕಿರಿಗಳನ್ನು, ಮೂರನೆಯದು ಸುಮ್ನೆ ನಡೆದದ್ದನ್ನು. ಒಳ್ಳೆಯದನ್ನು ಬರೆದವರಿಗೆ ಒಟ್ಟಾರೆ ಬದುಕಿನ ಬಗ್ಗೆ ಸ್ವಲ್ಪ ಹೆಚ್ಚು ಸಮಾಧಾನ ಇತ್ತು, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆ ಇತ್ತು. ಅದೆಲ್ಲ ಸರಿ. ಆದರೆ ಅವರು ಬರೆದದ್ದು ವಾರಕ್ಕೊಮ್ಮೆ! ಸುಮಾರು ಹತ್ತು ವಾರ. ದಿನಾ ಅಲ್ಲ. ಆಮೇಲೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಅವರ ಜೊತೆಯವರು ವಾರಕ್ಕೆ ಒಂದು ಸಲ ಬರೆಯುವವರನ್ನೂ ಮೂರು ಸಲ ಬರೆಯುವವರನ್ನೂ ಆರು ವಾರ ಹೋಲಿಸಿ ನೋಡಿದರು. ಒಳ್ಳೆಯದಾದದ್ದು ಒಂದೇ ಸಲ ಬರೆದವರಿಗೆ. ಮೂರು ಸಲ ಬರೆದವರಿಗೆ ಅದು ಬಹುಶಃ ಹೋಮ್‌ವರ್ಕ್ ಆಯಿತೇನೋ. ನನ್ನ "ಮೇಲಿನಂತೆ" ನೆನಪಾಯಿತು.

ದಿನಾ ಬರೆದರೆ ಪ್ರಯೋಜನವೇ ಇಲ್ಲ ಅಂತಲ್ಲ. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಯವರು ಒಂದು ವಾರ ಮಾತ್ರ, ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಸಿದರು. ಆರು ತಿಂಗಳಾದ ಮೇಲೂ ಅದರ ಗುಣ ಉಳಿದಿತ್ತಂತೆ, ಅದರಲ್ಲೂ ವಾರ ಮುಗಿದ ಮೇಲೂ ತಾವಾಗಿಯೇ ಮುಂದುವರಿಸಿದವರಲ್ಲಿ ಜಾಸ್ತಿ. ಅಲ್ಲೊಂದು ಗುಟ್ಟಿದೆ. ಪ್ರತಿ ಸಂಗತಿಯ ಪಕ್ಕ "ಇದು ಯಾಕೆ ಆಯಿತು?" ಅಂತಲೂ ಬರೆಯಬೇಕಿತ್ತು. ಇಡೀ ಆಟದ ಗಂಟು ಅದೇ ಅಂತ ನನಗನ್ನಿಸಿತು. ನನ್ನ ಡೈರಿಯಲ್ಲಿ "ಯಾಕೆ" ಅನ್ನುವ ಜಾಗವೇ ಇಲ್ಲ. ಅದರ ಬದಲು ನಗುಮುಖದ ಸ್ಟಿಕ್ಕರ್ ಅಂಟಿಸಲು ಒಂದು ಚೌಕ ಇದೆ.

ಆ ಚೌಕದಲ್ಲೇ "ಯಾಕೆ" ಬರೆಯಲು ಶುರು ಮಾಡಿದೆ. ಅಂದಿನಿಂದ ಪುಟಗಳ ಬಣ್ಣವೇ ಬೇರೆ. ಹನ್ನೊಂದನೇ ದಿನದ್ದು ಹೀಗಿದೆ: "ಜೀನ್ಸ್ ತಳ ಮಡಚುವಾಗ ಸೂಜಿ ಮುರಿಯಲಿಲ್ಲ. ಯಾಕೆ? ನಿನ್ನೆ ರಾತ್ರಿ ನೆನಪಿಟ್ಟು 16ನೇ ನಂಬರಿನ ದಪ್ಪ ಸೂಜಿ ಹಾಕಿ ಮಲಗಿದ್ದೆ." ಹದಿನಾಲ್ಕನೇ ದಿನ: "ಮಧ್ಯಾಹ್ನ ಕಿಟಕಿಯ ಬೆಳಕು ನಾಲ್ಕರವರೆಗೂ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುವಷ್ಟು ಇತ್ತು. ಯಾಕೆ? ಮೋಡ ಇರಲಿಲ್ಲ. ಮತ್ತೆ ಗಾಜು ಒರೆಸಿದ್ದೆ." ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದ ಹೊಲಿಗೆ ಬಿಚ್ಚಿದವರಿಗೆ ಇದು ಎಂಥ ಭಾಗ್ಯ ಅಂತ ಗೊತ್ತು. ಉಳಿದವರು ನಂಬಿ.

ಹತ್ತೊಂಬತ್ತನೇ ದಿನದ್ದು ನನಗೆ ತುಂಬಾ ಇಷ್ಟ. ಒಬ್ಬ ತಾಯಿ ಮಗಳ ಯೂನಿಫಾರ್ಮ್ ತಂದಿದ್ದರು, ಉದ್ದ ಬಿಡಿಸಬೇಕಿತ್ತು. ಮಡಿಕೆ ಬಿಚ್ಚಿದರೆ ಒಳಗೆ ಎರಡು ಹಳೆಯ ಗೆರೆ. ಹೋದ ವರ್ಷದ್ದು ಒಂದು, ಅದರ ಹಿಂದಿನ ವರ್ಷದ್ದು ಒಂದು. ಎರಡೂ ನಾನೇ ಹಾಕಿದ ಮಡಿಕೆಗಳು. ಎರಡು ಗೆರೆಯ ನಡುವೆ ನಾಲ್ಕು ಬೆರಳು. ಆ ಹುಡುಗಿ ಹೆಚ್ಚುಕಮ್ಮಿ ಅಷ್ಟು ಬೆಳೆದಿದ್ದಾಳೆ. ಗೋಡೆಯ ಮೇಲೆ ಮಕ್ಕಳ ಎತ್ತರ ಗುರುತು ಹಾಕುತ್ತಾರಲ್ಲ, ಹಾಗೆ ಬಟ್ಟೆಯೊಳಗೆ ಗುರುತಾಗಿತ್ತು. ತಾಯಿ ಅದನ್ನು ನೋಡಿರಲಿಲ್ಲ. ತೋರಿಸಿದೆ. ಅವರು ಗೆರೆಯ ಮೇಲೆ ಬೆರಳಾಡಿಸಿದರು, ಏನೂ ಹೇಳಲಿಲ್ಲ. ಯಾಕೆ ಆಯಿತು ಇದು? ಮೊದಲ ವರ್ಷ ನಾನು ಬಟ್ಟೆ ಕತ್ತರಿಸದೆ ಒಳಗೇ ಬಿಟ್ಟಿದ್ದೆ, ಅದಕ್ಕೆ.

ಈ ಹಂತದಲ್ಲಿ "ಕೃತಜ್ಞತೆ" ಅನ್ನುವ ಪದದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಡೈರಿಯ ರಟ್ಟಿನ ಮೇಲೆ ಆ ಪದ ಬಂಗಾರದ ಬಣ್ಣದಲ್ಲಿ ಹೊಳೆಯುತ್ತದೆ. ಭಾಷಣದ ಕೊನೆಯಲ್ಲಿ ವಂದನಾರ್ಪಣೆ ಮಾಡುವವರ ಪದ ಅಂತಲೇ ನಾನು ಅಂದುಕೊಂಡಿದ್ದೆ. ನಿಘಂಟು ತೆಗೆದು ನೋಡಿದರೆ, ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನು. ಅಷ್ಟೇ. ಕೈಮುಗಿಯುವುದು, ಕಣ್ಣು ತುಂಬಿಕೊಳ್ಳುವುದು ಇದರಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಅದು ನಾನು ದಿನವಿಡೀ ಮಾಡುವ ಕೆಲಸವೇ ಆಯಿತಲ್ಲ! ಆಲ್ಟರೇಷನ್ ಅಂದರೆ ಮೊದಲು ಬಿಚ್ಚುವುದು. ಬಿಚ್ಚುವಾಗ ಮುಂಚೆ ಹೊಲಿದವರು ಏನು ಮಾಡಿದ್ದಾರೆ ಅಂತ ತಿಳಿಯುತ್ತದೆ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಕೈ ಮಾತ್ರ ಗೊತ್ತಾಗುತ್ತದೆ. ಜೇಬಿನ ಮೂಲೆಯಲ್ಲಿ ಯಾರೂ ನೋಡದ ಕಡೆ ಎರಡು ಹೊಲಿಗೆ ಹೆಚ್ಚಿಗೆ ಹಾಕಿರುತ್ತಾರೆ. ಮುಂದೆ ಸೊಂಟ ದಪ್ಪ ಆದೀತು ಅಂತ ಹಿಂದಿನ ಜೋಡಣೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿರುತ್ತಾರೆ. ಅವರು ಯಾವತ್ತೋ ಬಿಟ್ಟ ಒಂದೂವರೆ ಇಂಚಿನಿಂದ ಇವತ್ತು ನನ್ನ ಗಿರಾಕಿಗೆ ಪ್ಯಾಂಟ್ ಉಳಿಯುತ್ತದೆ. ಉಲ್ಟಾ ಕೂಡ ಇದೆ. ಇಲ್ಲಿ ಅವಸರ ಮಾಡಿದ್ದಾನೆ, ಇಲ್ಲಿ ಬಟ್ಟೆ ಕದ್ದಿದ್ದಾನೆ, ಅದೂ ತಿಳಿಯುತ್ತದೆ. ಬೈಯುತ್ತೇನೆ. ಆದರೆ ಒಳ್ಳೆ ಕೈಯ ಕೆಲಸ ಕಂಡಾಗ ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ಹಿಡಿದ ಕೈ ನಿಧಾನವಾಗುತ್ತದೆ. ಇಂಥ ಹತ್ತು ಹದಿನೈದು ಅಪರಿಚಿತರು ನನ್ನ ಡೈರಿಯಲ್ಲಿದ್ದಾರೆ. "ಬೂದು ಕೋಟಿನ ತೋಳು ಹೊಲಿದವರು" ಅಂತ ಒಬ್ಬರು. "ನೀಲಿ ಚೌಕಳಿ ಅಂಗಿಯಲ್ಲಿ ಜೇಬಿನ ಚೌಕವನ್ನು ಎದೆಯ ಚೌಕಕ್ಕೆ ಸರಿಯಾಗಿ ಕೂರಿಸಿದವರು" ಅಂತ ಇನ್ನೊಬ್ಬರು. ಆ ಚೌಕಳಿ ನೀವು ಕೂರಿಸಿ ನೋಡಿ, ಆಗ ಮಾತಾಡೋಣ.

41ನೇ ದಿನ ಡೈರಿಯ ಹಾಳೆ ಕಿತ್ತು ಕೈಗೆ ಬಂತು. ಅಂಟಿಸಿದ ಬೆನ್ನು, ದಿನಾ ಎರಡು ಪುಟ ಅಗಲಿಸಿ ಒತ್ತಿ ಬರೆದರೆ ಇನ್ನೇನಾಗುತ್ತದೆ? ಒಂದು ಬಂದ ಮೇಲೆ ಅದರ ಪಕ್ಕದ್ದೂ ಸಡಿಲವಾಯಿತು. 90 ದಿನದ ಡೈರಿ ಅಂತ ಮಾರಿ ಅರ್ಧಕ್ಕೇ ಕೈಕೊಡುವುದು ಅಂದರೆ ಅದು ಡೈರಿಯ ತಪ್ಪೇ. ಇದಕ್ಕೆ ನಾನು ರಿಯಾಯಿತಿ ಕೊಡುವುದಿಲ್ಲ. ಕಂಪನಿಗೆ ಬರೆದೆ. "ನಿಮ್ಮ ಅಭಿಪ್ರಾಯಕ್ಕೆ ಕೃತಜ್ಞರು" ಅಂತ ಉತ್ತರ ಬಂತು. ಆಮೇಲೆ ಸುದ್ದಿಯಿಲ್ಲ.

ನಾನೇ ಹೊಲಿದೆ. ಬೆನ್ನಿನಿಂದ ಅರ್ಧ ಇಂಚು ಬಿಟ್ಟು ದಬ್ಬಣದಿಂದ ಐದು ತೂತು. ದಪ್ಪ ದಾರಕ್ಕೆ ಮೇಣ ಉಜ್ಜಿ, ಒಳಗೊಮ್ಮೆ ಹೊರಗೊಮ್ಮೆ ಓಡಿಸಿ, ಅದೇ ದಾರಿಯಲ್ಲಿ ವಾಪಸ್ ಬಂದು ಗಂಟು. ಮೇಣ ಉಜ್ಜಿದರೆ ದಾರ ಸಿಕ್ಕಾಗುವುದಿಲ್ಲ, ಗಂಟೂ ಜಾರುವುದಿಲ್ಲ. ಇಪ್ಪತ್ತು ನಿಮಿಷದ ಕೆಲಸ. ಈಗ ಪುಟ ಪೂರ್ತಿ ಅಗಲವಾಗಿ ತೆರೆಯುವುದಿಲ್ಲ, ಬದಿಯಿಂದ ಹೊಲಿದರೆ ಅದೊಂದು ತೊಂದರೆ. ಬರೆಯುವಾಗ ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು. ಆದರೆ ಹಾಳೆ ಎಲ್ಲೂ ಹೋಗುವುದಿಲ್ಲ. ಆ ದಿನದ ಮೂರು ಸಾಲಿನ ಜಾಗದಲ್ಲಿ ಒಂದೇ ಪದ ಬರೆದಿದ್ದೇನೆ: ದಬ್ಬಣ.

ರಿಬ್ಬನ್ನಿನ ಗುರುತುಪಟ್ಟಿಯೂ ಎರಡನೇ ವಾರಕ್ಕೇ ಎಳೆ ಎಳೆ ಬಿಟ್ಟಿತು. ಅದು ಪಾಲಿಯೆಸ್ಟರ್. ತುದಿಯನ್ನು ಓರೆಯಾಗಿ ಕತ್ತರಿಸಿ, ಬೆಂಕಿಯ ಹತ್ತಿರ ಒಂದು ಕ್ಷಣ ಹಿಡಿದರೆ ಅಂಚು ಕರಗಿ ಕಟ್ಟಿಕೊಳ್ಳುತ್ತದೆ. ಕಾಗದದಿಂದ ದೂರ ಹಿಡಿದು ಮಾಡಿ, ಪುಣ್ಯ ಬರುತ್ತೆ.

ಡೈರಿಯಲ್ಲಿ ನಿಜಕ್ಕೂ ಚೆನ್ನಾಗಿರುವುದು ಒಂದಿದೆ, ಹೇಳಲೇಬೇಕು. 58ನೇ ದಿನದ ಪ್ರಶ್ನೆ. "ನಿಮ್ಮ ಹತ್ತಿರ ಇರುವ ಒಂದು ವಸ್ತು ಅಥವಾ ನಡೆದ ಒಂದು ಸಂಗತಿ ಇಲ್ಲದೇ ಹೋಗಿದ್ದರೆ?" ಇಡೀ ಪುಸ್ತಕದಲ್ಲಿ ಯೋಚನೆ ಮಾಡಿ ಬರೆದ ಪ್ರಶ್ನೆ ಇದೊಂದೇ. 2008ರ ಒಂದು ಅಧ್ಯಯನದಲ್ಲಿ ಇದನ್ನೇ ನೋಡಿದ್ದಾರೆ. ಒಳ್ಳೆಯದೊಂದು ಹೇಗೆ ಆಯಿತು ಅಂತ ಬರೆದವರಿಗಿಂತ, ಅದು ಆಗದೇ ಹೋಗಬಹುದಿತ್ತು ಅಂತ ಯೋಚಿಸಿ ಬರೆದವರಿಗೆ ಮನಸ್ಸು ಹೆಚ್ಚು ಹಗುರಾಗಿತ್ತು. ಇರುವುದಕ್ಕೆ ನಾವು ಬೇಗ ಒಗ್ಗಿಕೊಂಡುಬಿಡುತ್ತೇವೆ. ಒಂದು ಕ್ಷಣ ತೆಗೆದು ನೋಡಿದರೆ ಮತ್ತೆ ಕಾಣುತ್ತದೆ.

ನಾನು ಯೋಚಿಸಿದ್ದು ಚಾಳೀಸು ಕನ್ನಡಕದ ಬಗ್ಗೆ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತಾ ಬರುತ್ತದೆ, ಹತ್ತಿರದ್ದು ಮಬ್ಬಾಗುತ್ತದೆ. ಎಲ್ಲರಿಗೂ ಆಗುವುದೇ. ನನಗೆ 43ಕ್ಕೆ ಬಂತು. ಸೂಜಿಗೆ ದಾರ ಪೋಣಿಸಲು ಆಗದೆ ಹೋದ ಮೊದಲ ದಿನ ಬೆಳಕು ಸರಿಯಿಲ್ಲ ಅಂದೆ. ಎರಡನೇ ದಿನ ದಾರ ಸರಿಯಿಲ್ಲ ಅಂದೆ. ಮೂರನೇ ದಿನ ಬೈಯಲು ಏನೂ ಉಳಿದಿರಲಿಲ್ಲ, ಸುಮ್ಮನೆ ಕೂತಿದ್ದೆ. ಆ ಕನ್ನಡಕ ಇಲ್ಲದೇ ಹೋಗಿದ್ದರೆ? ಎರಡು ತುಂಡು ಗಾಜು, ಒಂದು ತಂತಿ. ಅಷ್ಟರಿಂದ ಇನ್ನೂ ಎಷ್ಟೋ ವರ್ಷದ ಕೆಲಸ ವಾಪಸ್ ಸಿಕ್ಕಿದೆ. ಕನ್ನಡಕ ಅನ್ನುವುದೇ ಇಲ್ಲದ ಕಾಲದಲ್ಲಿ ನನ್ನಂಥ ಎಷ್ಟು ಹೊಲಿಯುವವರು ನಲವತ್ತೈದಕ್ಕೇ ಮೆಲ್ಲಗೆ ಸೂಜಿ ಕೆಳಗಿಟ್ಟಿರಬೇಕು. ಆ ಪುಟ ತುಂಬಿ, ಅಂಚಿನಲ್ಲೂ ಬರೆದು, ಸ್ಟಿಕ್ಕರ್ ಚೌಕದಲ್ಲೂ ಬರೆದಿದ್ದೇನೆ.

ಇನ್ನು ನನ್ನ ದೊಡ್ಡ ತಕರಾರು. ಈ ಡೈರಿಗೆ ಕೆಲಸ ಅಂದರೆ ಕಾಯಿಲೆ. ವಾರದ ಕೊನೆಯ ಪುಟದಲ್ಲಿ "ಕೆಲಸದ ಹೊರೆಯನ್ನು ಮರೆತು ನಿಮಗಾಗಿ ಏನು ಮಾಡಿದಿರಿ?" ಅಂತ ಕೇಳುತ್ತದೆ. "ಕೆಲಸದಾಚೆಗಿನ ಮೂರು ಸಂತೋಷಗಳು" ಅಂತ ಕೇಳುತ್ತದೆ. ಕೆಲಸ ಹೊರೆಯಾಗಿರುವವರು ತುಂಬಾ ಜನ ಇದ್ದಾರೆ, ಅವರಿಗೆ ಈ ಪ್ರಶ್ನೆ ಸರಿಯೇ ಇರಬಹುದು. ನನ್ನ ಉತ್ತರ ಏನು? ನನಗಾಗಿ ನಾನು ಮಾಡಿಕೊಂಡದ್ದು ಸೀಳಿದ ರೇಷ್ಮೆ ಬಟ್ಟೆಗೆ ಕಾಣದ ಹಾಗೆ ರಫೂ. ಅದು ಕೆಲಸದ ಈಚೆಗೋ ಆಚೆಗೋ? ಕೊನೆಗೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಬರೆದ ದಿನಗಳು 77. ಅದರಲ್ಲಿ 49 ದಿನದ ಮೊದಲ ಸಾಲು ಕೆಲಸದ್ದೇ. ಅಕ್ಕನ ಮಗಳು ಅದನ್ನು ನೋಡಿ "ಅಯ್ಯೋ ಚಿಕ್ಕಮ್ಮ, ನಿನಗೆ ಬೇರೆ ಬದುಕೇ ಇಲ್ಲ" ಅಂದಳು. ನನಗೆ ಹಾಗೆ ಕಾಣಲಿಲ್ಲ.

ಇಷ್ಟದ ಕೆಲಸ ಅಂದ ಕೂಡಲೇ ಇನ್ನೊಂದು ರಗಳೆ ಇದೆ. 66ನೇ ದಿನ ಒಬ್ಬರು ಕೋಟಿನ ಒಳಪದರ ಪೂರ್ತಿ ಬದಲಿಸಿಕೊಂಡು ಹೋಗಲು ಬಂದರು. ಎರಡು ದಿನದ ಕೆಲಸ. ದುಡ್ಡು ಹೇಳಿದರೆ, "ನಿಮಗೆ ಇಷ್ಟದ ಕೆಲಸ ತಾನೆ? ಖುಷಿಗೆ ಮಾಡೋದಕ್ಕೂ ಇಷ್ಟೊಂದಾ?" ಅಂದರು. ನಗುತ್ತಲೇ ಅಂದರು. ಇದು ಅವರೊಬ್ಬರ ಬುದ್ಧಿ ಅಲ್ಲ. ಕೆಲಸವನ್ನು ಪ್ರೀತಿಸುವವರ ಹತ್ತಿರ ಪುಕ್ಕಟೆ ದುಡಿಸಿಕೊಂಡರೂ, ಸಂಬಂಧವಿಲ್ಲದ ಕೆಲಸ ಹೇರಿದರೂ ಜನರಿಗೆ ಅದು ಅಷ್ಟೊಂದು ತಪ್ಪು ಅನ್ನಿಸುವುದಿಲ್ಲ ಅಂತ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳಿದೆ. "ಹೇಗೂ ಇಷ್ಟಪಟ್ಟು ಮಾಡ್ತಾರೆ" ಅನ್ನುವ ಲೆಕ್ಕ. ಆ ರಾತ್ರಿ ಡೈರಿ ತೆರೆದರೆ ಪ್ರಶ್ನೆ ಏನಿತ್ತು ಗೊತ್ತಾ? "ಇಂದು ನಿಮ್ಮನ್ನು ನೋಯಿಸಿದವರಿಗೂ ಧನ್ಯವಾದ ಹೇಳಿ." ನಾನು "ಹೇಳಲ್ಲ" ಅಂತ ಬರೆದು ಮುಚ್ಚಿಟ್ಟೆ. ಮೆಷಿನ್ನಿನಲ್ಲಿ ಹೊಲಿಯುವಾಗ ಬಟ್ಟೆಯ ಕೆಳಗೆ ದಾರ ಗೊಂಚಲಾದರೆ ಹೊಸಬರು ಬಾಬಿನ್, ಅಂದರೆ ಕೆಳಗಿನ ದಾರದ ಉರುಳೆ, ಬಿಚ್ಚಿ ಕೂರುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದಲ್ಲಿ ಇರುತ್ತದೆ. ಕೊಡಬೇಕಾದ ದುಡ್ಡು ಕೊಡದವರ ಮುಂದೆ, ನನ್ನ ಮನಸ್ಸಿನ ಬಾಬಿನ್ ಬಿಚ್ಚಿ ಸರಿಮಾಡಿಕೋ ಅಂತ ಹೇಳುವ ಡೈರಿ ನನಗೆ ಬೇಡ. ಕೋಟಿನ ಕೆಲಸ ಪೂರ್ತಿ ದುಡ್ಡಿಗೇ ಮಾಡಿದೆ. ಚೆನ್ನಾಗಿಯೂ ಮಾಡಿದೆ.

ಉಳಿದದ್ದು ಬೇಗ ಹೇಳುತ್ತೇನೆ. 30 ಸ್ಟಿಕ್ಕರ್ ಜೊತೆಗೆ ಬರುತ್ತವೆ, ಪಕ್ಕದ ಮನೆ ಮಗುವಿಗೆ ಕೊಟ್ಟೆ, ಅವಳು ನನ್ನ ಮೆಷಿನ್ನಿಗೇ ಅಂಟಿಸಿದಳು. ನೀರು ಎಷ್ಟು ಲೋಟ ಕುಡಿದಿರಿ ಅಂತ ಗುರುತು ಹಾಕುವ ಪಟ್ಟಿ ಪ್ರತಿ ಪುಟದಲ್ಲೂ ಇದೆ. ಕೃತಜ್ಞತೆಗೂ ಲೋಟಕ್ಕೂ ಏನು ಸಂಬಂಧ? ಯಾರು ಹೇಳಿದ್ದು ಅಂತ ಹೆಸರಿಲ್ಲದ ಸುಭಾಷಿತಗಳು ತುಂಬಾ ಇವೆ. ಕಟ್ಟುವ ಎಲಾಸ್ಟಿಕ್ ಮಾತ್ರ ಒಳ್ಳೆಯದು, ಮೂರು ತಿಂಗಳಾದರೂ ಬಿಗಿ ಹೋಗಿಲ್ಲ. ಎಲಾಸ್ಟಿಕ್ ಹಾಕಿದವರು ಯಾರೋ ಬಲ್ಲವರು.

ಐದಕ್ಕೆ ಮೂರು ಕೊಡುತ್ತೇನೆ. ಒಂದು ಅಂಕ ಎಲಾಸ್ಟಿಕ್ಕಿಗೂ ಕಾಗದಕ್ಕೂ, ಒಂದು 58ನೇ ದಿನಕ್ಕೆ, ಒಂದು ಅಕ್ಕನ ಮಗಳಿಗೆ. ಬರೆಯುವ ರೂಢಿಯೇ ಇಲ್ಲದವರಿಗೆ, ಖಾಲಿ ಪುಟ ಕಂಡರೆ ಹೆದರುವವರಿಗೆ ಶುರು ಮಾಡಲು ಇದು ಆದೀತು. ಕೊಂಡರೆ ಪ್ರಶ್ನೆಗಳನ್ನು ಅರ್ಧ ಹೊಡೆದುಹಾಕಿ, ಸ್ಟಿಕ್ಕರ್ ಜಾಗದಲ್ಲಿ "ಯಾಕೆ" ಬರೆಯಿರಿ. ದಿನಾ ಆಗದಿದ್ದರೆ ವಾರಕ್ಕೊಮ್ಮೆ ಬರೆಯಿರಿ, ಯಾರೂ ದಂಡ ಹಾಕುವುದಿಲ್ಲ. ಮನಸ್ಸು ತೀರಾ ಕುಸಿದಿರುವವರು ಇದನ್ನು ಔಷಧಿ ಅಂದುಕೊಳ್ಳಬೇಡಿ. ಅದಕ್ಕೆ ಡಾಕ್ಟರ್ ಇದ್ದಾರೆ.

ನಾನು ಮತ್ತೆ ಇದನ್ನೇ ತರುವುದಿಲ್ಲ. ಗೆರೆಯಿಲ್ಲದ, ನಿಜವಾಗಿ ಹೊಲಿದ ಒಂದು ನೋಟ್‌ಬುಕ್ ತಂದಿಟ್ಟಿದ್ದೇನೆ. ಅಂಗಡಿಯವರು ಗಾಬರಿಯಾಗುವಷ್ಟು ಹೊತ್ತು ಅಲ್ಲೇ ನಿಂತು ದಾರ ನೋಡಿಯೇ ತಂದೆ.

ಹಳೆಯ ಡೈರಿಯ 90ನೇ ದಿನದ ಪುಟ ಖಾಲಿ ಇದೆ. ಅವತ್ತು ಸಂಜೆ ಅಕ್ಕನ ಮಗಳು ಹಳೆ ಕೋಟು ತಂದು, ಇದಕ್ಕೆ ಹೊಂದುವ ಗುಂಡಿ ಇದೆಯಾ ಅಂದಳು. ಗುಂಡಿಯ ಡಬ್ಬಿ ಸುರುವಿಕೊಂಡು ಇಬ್ಬರೂ ನೆಲದ ಮೇಲೆ ಕೂತೆವು. ನಾಲ್ಕು ತೂತಿನ ಕಂದು ಗುಂಡಿ ಐದು ಬೇಕಿತ್ತು, ನಾಲ್ಕು ಸಿಕ್ಕವು. ಐದನೆಯದನ್ನು ಹುಡುಕುತ್ತಾ ಹನ್ನೊಂದೂವರೆ ಆಯಿತು.

ಸಿಕ್ಕಿತು. ಬಣ್ಣ ಒಂದು ಪಾಲು ಗಾಢ, ಕಾಲರಿನ ಕೆಳಗೆ ಹಾಕಿದ್ದೇನೆ, ಕಾಣಲ್ಲ.